ಪತ್ರ ಬರೆದ ಮೂವರು ವಿದ್ಯಾರ್ಥಿನಿಯರು

ಸಂಘ-ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಸ್ಥಾಪನೆಯ ದಿನದಿಂದ ಆರಂಭಿಸುತ್ತಾರೆ. ಅಂದು ನೆರೆದ ಸಭೆ, ಆಯ್ಕೆಯಾದ ಅಧ್ಯಕ್ಷರು, ಅಂಗೀಕೃತವಾದ ನಿಬಂಧನೆಗಳು, ಕೂಡಿಬಂದ ಮೂಲಧನ ಇವೆಲ್ಲ ದಾಖಲೆಗೆ ಸೇರುತ್ತವೆ. ಆದರೆ ಆ ದಿನಕ್ಕೆ ಎಷ್ಟೋ ವರ್ಷ ಮೊದಲೇ ಅದೇ ಕಾರ್ಯಕ್ಕೆ ಕೈಹಾಕಿ, ಅದು ಕೈಗೂಡದೆ ಹಿಂದೆ ಸರಿದವರ ಹೆಸರನ್ನು ಹುಡುಕುವವರು ವಿರಳ. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಚರಿತ್ರೆಯನ್ನು ಬರೆಯುವವನೂ ಲೋಕದವನೇ ಆದುದರಿಂದ ಅವನೂ ಅದಕ್ಕೆ ಹೊರತಲ್ಲ.

ಪ್ರಸ್ತುತ ಲೇಖನದಲ್ಲಿ ಹೇಳಹೊರಟಿರುವುದು ಅಂಥ ಒಂದು ಕೈಗೂಡದ ಪ್ರಯತ್ನದ ವೃತ್ತಾಂತವನ್ನು. ೧೯೧೯ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿದ್ದ ಮೂವರು ತರುಣಿಯರು ತಮ್ಮಂಥವರಿಗಾಗಿ ದೇಶವ್ಯಾಪಿಯಾದ ಒಂದು ಸಂಘವನ್ನು ಕಟ್ಟಬೇಕೆಂದು ಹೊರಟರು. ಅವರ ಹೆಸರು ಲೂ ಆಲ್ಟಾ ಮೆಲ್ಟನ್, ಹಿಲ್ಡಾ ಕೌಂಟ್ಸ್ ಮತ್ತು ಎಲ್ಸೀ ಈವ್ಸ್. ಸಂಘ ನಿಲ್ಲಲಿಲ್ಲ. ಆದರೂ ಆ ಪ್ರಯತ್ನವನ್ನು ನಿಷ್ಫಲವೆಂದು ತಳ್ಳಿಹಾಕುವುದು ಸಾಧುವಲ್ಲವೆಂಬುದನ್ನು ಮುಂದಿನ ಘಟನೆಗಳೇ ತಿಳಿಸುತ್ತವೆ. ಅದರ ಎಳೆಯನ್ನು ಹಿಡಿದು ನಡೆದರೆ ನಾವು ಮದರಾಸಿನ ಗಿಂಡಿಯನ್ನೂ ನಮ್ಮ ನಂಜನಗೂಡನ್ನೂ ಮುಟ್ಟುತ್ತೇವೆ.

ಹಿನ್ನೆಲೆ

ಅಮೆರಿಕದಲ್ಲಿ ತಾಂತ್ರಿಕ ಶಿಕ್ಷಣವು ಜನಸಾಮಾನ್ಯರ ಕೈಗೆಟುಕುವಂತಾದುದು ೧೮೬೨ರ ಮಾರಿಲ್ ಶಾಸನದ ತರುವಾಯ. ಕೃಷಿ ಮತ್ತು ಯಂತ್ರವಿದ್ಯೆಗಳನ್ನು ಕಲಿಸುವ ಕಾಲೇಜುಗಳಿಗೆಂದು ಆ ಶಾಸನದ ಮೂಲಕ ಕೇಂದ್ರ ಸರ್ಕಾರವು ಸಂಸ್ಥಾನಗಳಿಗೆ ಭೂಮಿಯನ್ನು ದಾನ ನೀಡಿತು. ಹೀಗೆ ಹುಟ್ಟಿದ ಅನೇಕ ವಿದ್ಯಾಲಯಗಳು ಸ್ತ್ರೀಯರಿಗೂ ಪ್ರವೇಶ ನೀಡಿದವು. ಆದರೆ ವಿದ್ಯಾಲಯಕ್ಕೆ ಪ್ರವೇಶ ದೊರೆಯುವುದು ಬೇರೆ, ಅದರ ಇಂಜಿನಿಯರಿಂಗ್ ವಿಭಾಗಕ್ಕೆ ಪ್ರವೇಶ ದೊರೆಯುವುದು ಬೇರೆ. ಕುಲುಮೆ, ಎರಕದ ಮನೆ, ಲೇತು, ಬೆಟ್ಟಗುಡ್ಡಗಳಲ್ಲಿ ಡೇರೆ ಹಾಕಿಕೊಂಡು ನಡೆಸುವ ಮೋಜಣಿ ಇವೆಲ್ಲ ಗಂಡಸರ ಕೆಲಸಗಳೆಂಬ ಭಾವನೆ ಬಲವಾಗಿತ್ತು. ಹೆಣ್ಣುಮಕ್ಕಳು ಗಣಿತದಲ್ಲಿ ಹಿಂದಿದ್ದಾರೆಂದು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ; ಕಾರ್ಯಾಗಾರ ಅವರಿಗೆ ಸಲ್ಲದೆಂದರೆ ಸಾಕಾಗಿತ್ತು.

ಇಷ್ಟಾದರೂ ಅಲ್ಲೊಬ್ಬರು ಇಲ್ಲೊಬ್ಬರು ಮುಂದೆ ಬಂದರು. ೧೮೭೬ರಲ್ಲಿ ಎಲಿಜಬೆತ್ ಬ್ರ್ಯಾಗ್ ಎಂಬಾಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸಿವಿಲ್ ಇಂಜಿನಿಯರಿಂಗಿನಲ್ಲಿ ಪದವಿ ಪಡೆದರು. ೧೮೯೨ರಲ್ಲಿ ಅಯೋವಾ ಸಂಸ್ಥಾನದ ಕೃಷಿ ಕಾಲೇಜಿನಿಂದ ಎಲ್ಮೀನಾ ವಿಲ್ಸನ್ ಅದೇ ವಿಷಯದಲ್ಲಿ ಪದವೀಧರೆಯಾಗಿ, ಎರಡು ವರ್ಷಗಳ ಬಳಿಕ ಸ್ನಾತಕೋತ್ತರ ಪದವಿಯನ್ನೂ ಗಳಿಸಿ, ಅಲ್ಲಿಯೇ ಅಧ್ಯಾಪಕಿಯಾದರು. ಅವರ ತಂಗಿ ಆಲ್ಡಾ ಕೂಡ ಅಕ್ಕನ ಹಾದಿಯಲ್ಲೇ ನಡೆದು ಇಂಜಿನಿಯರ್ ಆದರು. ಸ್ನಾತಕೋತ್ತರ ವ್ಯಾಸಂಗಕ್ಕೆ ತೊಡಗಿದ ಆ ಕಾಲದ ಹೆಣ್ಣುಮಗಳಿಗೆ ಜೊತೆಯೆಂದರೆ ಒಡಹುಟ್ಟಿದವಳೇ ಆಗಬೇಕಿತ್ತೆಂಬುದು ಇಲ್ಲಿ ಮನಸ್ಸಿಗೆ ತಟ್ಟುವ ಅಂಶ.

ಪದವಿಯ ನಂತರ ಎದುರಾಗುತ್ತಿದ್ದ ಅಡ್ಡಿಗೆ ನೋರಾ ಸ್ಟಾಂಟನ್ ಬ್ಲಾಚ್ ಅವರ ಜೀವನವೇ ನಿದರ್ಶನ. ಅಮೆರಿಕದ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಎಲಿಜಬೆತ್ ಕೇಡಿ ಸ್ಟಾಂಟನ್ ಅವರ ಮೊಮ್ಮಗಳಾದ ಈಕೆ ೧೯೦೫ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದರು. ಅಮೆರಿಕದ ಸಿವಿಲ್ ಇಂಜಿನಿಯರರ ಸಂಘ ಅವರನ್ನು ಕಿರಿಯ ಸದಸ್ಯೆಯನ್ನಾಗಿ ಸೇರಿಸಿಕೊಂಡಿತು. ಕಿರಿಯ ಸದಸ್ಯತ್ವಕ್ಕೆ ವಯಸ್ಸಿನ ಮಿತಿಯಿತ್ತು. ಆ ಮಿತಿ ದಾಟಿದಾಗ ಅವರು ಮೇಲಿನ ದರ್ಜೆಯ ಸದಸ್ಯತ್ವ ಕೋರಿದರೆ ಸಂಘ ನಿರಾಕರಿಸಿತು. ೧೯೧೬ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು, ಅಲ್ಲಿಯೂ ಸೋತರು. ಅವರು ತೀರಿಕೊಂಡುದು ೧೯೭೧ರಲ್ಲಿ. ಅದೇ ಸಂಘವು ೨೦೧೫ರಲ್ಲಿ ಅವರಿಗೆ ಮರಣೋತ್ತರವಾಗಿ ತನ್ನ ಹಿರಿಯ ಸದಸ್ಯತ್ವದ ಗೌರವ ಸಲ್ಲಿಸಿತು. ಬೇಕಾದಾಗ ದೊರೆಯದ ಮನ್ನಣೆ ನೂರು ವರ್ಷಗಳ ಮೇಲೆ ದೊರೆಯಿತು. ನೋರಾ ಅವರಿಗೆ ವಿದ್ಯೆಯಿತ್ತು, ಅನುಭವವಿತ್ತು, ಹೆಸರಾಂತ ಮನೆತನವಿತ್ತು. ಆದರೆ ನ್ಯಾಯಾಲಯದಲ್ಲಿ ಅವರ ಬೆನ್ನಿಗೆ ನಿಲ್ಲಬಲ್ಲ ಮಹಿಳಾ ಇಂಜಿನಿಯರರ ಸಂಘವೊಂದು ಆಗ ಅಮೆರಿಕದಲ್ಲಿರಲಿಲ್ಲ.

ಮಿಚಿಗನ್ನಿನ ಮೊದಲ ಸಂಘ

ಇಂಥ ಸಂಘದ ಅಗತ್ಯವನ್ನು ಮೊದಲು ಅರಿತವರು ವಿದ್ಯಾರ್ಥಿನಿಯರು. ೧೯೧೪ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ವಿಭಾಗಗಳ ತರುಣಿಯರು ಕೂಡಿಕೊಂಡು ‘ಟೀ-ಸ್ಕ್ವೇರ್ ಸೊಸೈಟಿ’ ಎಂಬ ಸಂಘವನ್ನು ಸ್ಥಾಪಿಸಿದರು. ಟೀ-ಸ್ಕ್ವೇರ್ ಎಂದರೆ ನಕ್ಷೆ ಬರೆಯುವವರು ಹಲಗೆಯ ಅಂಚಿಗೆ ಒತ್ತಿ ಹಿಡಿದು ಸಮಾನಾಂತರ ಗೆರೆಗಳನ್ನೆಳೆಯಲು ಬಳಸುವ ಅಡ್ಡಪಟ್ಟಿ. ಗಣಕಯಂತ್ರಗಳು ಬರುವ ಮೊದಲು ಇಂಜಿನಿಯರಿಂಗ್ ಓದಿದವರೆಲ್ಲರೂ ಅದನ್ನು ಕಂಕುಳಲ್ಲಿ ಇರುಕಿಕೊಂಡು ಕಾಲೇಜಿಗೆ ಹೋದವರೇ. ಯಾವ ಮಹನೀಯರ ಹೆಸರನ್ನೂ ಆರಿಸದೆ, ತಮ್ಮ ನಿತ್ಯದ ಉಪಕರಣದ ಹೆಸರನ್ನೇ ಸಂಘಕ್ಕೆ ಇಟ್ಟುಕೊಂಡುದರಲ್ಲಿ ಅವರ ಮನೋಧರ್ಮ ವ್ಯಕ್ತವಾಗುತ್ತದೆ. ನಾವು ನಕ್ಷೆ ಬರೆಯುವವರು, ನಮ್ಮನ್ನು ಆ ಕೆಲಸದಿಂದ ಗುರುತಿಸಿರಿ ಎಂಬುದೇ ಅವರ ಇಂಗಿತವಾಗಿದ್ದಿರಬೇಕು.

ಇಲ್ಲಿ ವಿದ್ಯಾರ್ಥಿ ಸಂಘಗಳಿಗೆಲ್ಲ ಸಾಮಾನ್ಯವಾದ ಒಂದು ತೊಡಕನ್ನು ನೆನೆಯಬೇಕು. ಊರಿನ ಸಹಕಾರ ಸಂಘದ ಕಾರ್ಯದರ್ಶಿ ಇಪ್ಪತ್ತು ವರ್ಷ ಅದೇ ಊರಿನಲ್ಲಿರುತ್ತಾನೆ. ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ಒಂದೆರಡು ವರ್ಷಗಳಲ್ಲಿ ಪರೀಕ್ಷೆ ಮುಗಿಸಿ ಹೊರಟುಹೋಗುತ್ತಾಳೆ. ಇವಳು ಕಲಿತುದನ್ನು ಮುಂದಿನವಳು ಹೊಸದಾಗಿ ಕಲಿಯಬೇಕು. ನೂರು ಜನರಿರುವ ತರಗತಿಯಲ್ಲಿ ಇದರಿಂದ ದೊಡ್ಡ ಹಾನಿಯೇನೂ ಆಗದು. ಆದರೆ ಇಡೀ ವಿಭಾಗದಲ್ಲಿ ಐದಾರು ಮಂದಿ ತರುಣಿಯರು ಮಾತ್ರ ಇದ್ದರೆ, ಇಬ್ಬರು ಹೊರಟ ಮಾತ್ರಕ್ಕೆ ಸಂಘದ ದೀಪ ಕ್ಷೀಣಿಸುತ್ತದೆ. ಒಂದು ವಿದ್ಯಾಲಯದ ಸಂಘ ಎಷ್ಟೇ ಉತ್ಸಾಹದ್ದಾದರೂ ಅದು ಬಹುಕಾಲ ಬಾಳಬೇಕಾದರೆ ಬೇರೆ ವಿದ್ಯಾಲಯಗಳ ಸಂಘಗಳೊಡನೆ ಹೆಣೆದುಕೊಳ್ಳಬೇಕು. ಈ ಸತ್ಯ ಕೊಲರಾಡೊದ ಮೂವರಿಗೆ ಹೊಳೆಯಿತು.

ಹತ್ತೊಂಬತ್ತರ ವರ್ಷ

೧೯೧೯ ಸಾಮಾನ್ಯವಾದ ವರ್ಷವಲ್ಲ. ಮೊದಲನೆಯ ಮಹಾಯುದ್ಧ ಹಿಂದಿನ ವರ್ಷದ ನವೆಂಬರಿನಲ್ಲಿ ನಿಂತಿತ್ತು. ಗಂಡಸರು ರಣರಂಗಕ್ಕೆ ಹೋದಾಗ ಕಾರ್ಖಾನೆಗಳನ್ನು ನಡೆಸಿದ ಸ್ತ್ರೀಯರಿಗೆ ಈಗ ಮನೆಗೆ ಮರಳಲು ಅಪ್ಪಣೆಯಾಗಿತ್ತು. ಇಂಗ್ಲೆಂಡಿನಲ್ಲಂತೂ ಯುದ್ಧಪೂರ್ವದ ಪದ್ಧತಿಗಳನ್ನು ಪುನಃ ಜಾರಿಗೆ ತರುವ ಶಾಸನವನ್ನೇ ಆ ವರ್ಷ ಮಾಡಲಾಯಿತು. ಇದನ್ನು ಎದುರಿಸಲೆಂದು ರೇಚೆಲ್ ಪಾರ್ಸನ್ಸ್, ಅವರ ತಾಯಿ ಕ್ಯಾಥರೀನ್ ಪಾರ್ಸನ್ಸ್ ಮುಂತಾದ ಏಳು ಮಂದಿ ಮಹಿಳೆಯರು ೧೯೧೯ರ ಜೂನ್ ೨೩ರಂದು ಲಂಡನ್ನಿನಲ್ಲಿ ಮಹಿಳಾ ಇಂಜಿನಿಯರಿಂಗ್ ಸಂಘವನ್ನು ಸ್ಥಾಪಿಸಿದರು. ಉಗಿಯ ಟರ್ಬೈನನ್ನು ರೂಪಿಸಿದ ಸರ್ ಚಾರ್ಲ್ಸ್ ಪಾರ್ಸನ್ಸ್ ಅವರ ಪತ್ನಿ ಮತ್ತು ಪುತ್ರಿ ಅವರು. ಆ ಸಂಘಕ್ಕೆ ಕ್ಯಾರೊಲಿನ್ ಹ್ಯಾಸ್ಲೆಟ್ ಎಂಬ ಕಾರ್ಯದಕ್ಷೆ ಕಾರ್ಯದರ್ಶಿ ದೊರೆತರು. ಅದೇ ವರ್ಷದ ಡಿಸೆಂಬರಿನಿಂದ ಅದರ ಪತ್ರಿಕೆಯೂ ಹೊರಡತೊಡಗಿತು. ಹಣ, ಪ್ರತಿಷ್ಠೆ, ಪತ್ರಿಕೆ ಮೂರೂ ಇದ್ದ ಆ ಸಂಘ ಇಂದಿಗೂ ಬಾಳಿಕೊಂಡು ಬಂದಿದೆ.

ಅಟ್ಲಾಂಟಿಕ್ ಸಾಗರದ ಈಚೆಗೆ, ರಾಕಿ ಪರ್ವತಶ್ರೇಣಿಯ ಬುಡದಲ್ಲಿರುವ ಬೋಲ್ಡರ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿದ್ದ ಮೂವರಿಗೆ ಇವು ಯಾವುವೂ ಇರಲಿಲ್ಲ. ಮೆಲ್ಟನ್ ಮತ್ತು ಈವ್ಸ್ ಅವರದು ಸಿವಿಲ್, ಕೌಂಟ್ಸ್ ಅವರದು ವಿದ್ಯುತ್ ಇಂಜಿನಿಯರಿಂಗ್. ಅವರಿಗೆ ದೊರೆಯುತ್ತಿದ್ದುದು ಕಾಗದ, ಮಸಿ ಮತ್ತು ಅಂಚೆ. ಅವರು ಮಾಡಿದ ಕೆಲಸ ಅತ್ಯಂತ ಸರಳವಾದುದು. ದೇಶದ ಇಂಜಿನಿಯರಿಂಗ್ ವಿದ್ಯಾಲಯಗಳ ಮುಖ್ಯಸ್ಥರಿಗೆಲ್ಲ ಪತ್ರ ಬರೆದರು. ತಮ್ಮ ವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ ಓದುತ್ತಿರುವ ಇಲ್ಲವೆ ಓದಿ ಮುಗಿಸಿರುವ ಸ್ತ್ರೀಯರು ಇದ್ದಾರೆಯೆ? ಇದ್ದರೆ ಅವರು ಯಾರು? ಇಷ್ಟೇ ಪ್ರಶ್ನೆ. ಉತ್ತರಗಳ ಆಧಾರದ ಮೇಲೆ ‘ಅಮೆರಿಕದ ಮಹಿಳಾ ಇಂಜಿನಿಯರರ ಮತ್ತು ವಾಸ್ತುಶಿಲ್ಪಿಗಳ ಸಂಘ’ವನ್ನು ಕಟ್ಟಬೇಕೆಂಬುದು ಅವರ ಸಂಕಲ್ಪವಾಗಿತ್ತು.

ಇದನ್ನು ಕ್ಷುಲ್ಲಕ ಕಾರ್ಯವೆಂದು ಭಾವಿಸಬಾರದು. ಆ ದಿನಗಳಲ್ಲಿ ಒಬ್ಬ ವಿದ್ಯಾರ್ಥಿನಿಗೆ ತನ್ನಂಥ ಇನ್ನೊಬ್ಬಳು ಮತ್ತೊಂದು ಸಂಸ್ಥಾನದಲ್ಲಿದ್ದಾಳೆಂಬುದು ತಿಳಿಯುವ ಉಪಾಯವೇ ಇರಲಿಲ್ಲ. ತಾನೊಬ್ಬಳೇ ಲೋಕಕ್ಕೆ ವಿರುದ್ಧವಾಗಿ ಹೊರಟವಳೆಂದು ಪ್ರತಿಯೊಬ್ಬಳೂ ಭಾವಿಸುತ್ತಿದ್ದಳು. ಕಂಡವರು ಅದನ್ನೇ ಆಕೆಗೆ ನಿತ್ಯ ನೆನಪಿಸುತ್ತಿದ್ದರು. ಎಣಿಕೆಗೆ ಸಿಗದವರಿಗೆ ಬೇಡಿಕೆಯಿಡುವ ಶಕ್ತಿಯೂ ಇರುವುದಿಲ್ಲ. ಹೀಗಾಗಿ ಸಂಘಕ್ಕೆ ಮೊದಲು ಆಗಬೇಕಾದುದು ಎಣಿಕೆ. ಸರ್ಕಾರವಾಗಲಿ ಇಂಜಿನಿಯರರ ದೊಡ್ಡ ಸಂಘಗಳಾಗಲಿ ಮಾಡದೆ ಬಿಟ್ಟಿದ್ದ ಆ ಎಣಿಕೆಯನ್ನು ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಮೂವರು ವಿದ್ಯಾರ್ಥಿನಿಯರು ಕೈಗೆತ್ತಿಕೊಂಡರು.

ಬಂದ ಉತ್ತರಗಳು

ಉತ್ತರಗಳು ಬಂದವು. ಕೆಲವು ವಿದ್ಯಾಲಯಗಳು ಹೆಸರುಗಳನ್ನು ಕಳಿಸಿದವು. ಬೇರೆ ಕೆಲವರು ತಮ್ಮಲ್ಲಿ ಅಂಥವರು ಈಗಲೂ ಇಲ್ಲ, ಹಿಂದೆಯೂ ಇರಲಿಲ್ಲ, ಮುಂದೆ ಬರುವರೆಂಬ ನಿರೀಕ್ಷೆಯೂ ಇಲ್ಲವೆಂಬ ಅರ್ಥ ಬರುವಂತೆ ಬರೆದರು. ಇಲ್ಲದಿರುವುದನ್ನೇ ಹೆಮ್ಮೆಯಿಂದ ತಿಳಿಸಿದವರೂ ಉಂಟು. ಎಲ್ಲ ಉತ್ತರಗಳನ್ನೂ ಕೂಡಿಸಿ ನೋಡಿದಾಗ ಸಂಘವನ್ನು ನಡೆಸಿಕೊಂಡು ಹೋಗಲು ಸಾಲುವಷ್ಟು ಜನ ದೊರೆಯಲಿಲ್ಲ. ಇದ್ದವರೂ ಸಾವಿರಾರು ಮೈಲಿಗಳ ಅಂತರದಲ್ಲಿ ಚೆದುರಿಹೋಗಿದ್ದರು. ಮೂವರು ವ್ಯಾಸಂಗ ಮುಗಿಸಿ ತಮ್ಮ ತಮ್ಮ ಉದ್ಯೋಗಗಳಿಗೆ ಹೊರಟರು. ಸಂಘದ ಸಂಕಲ್ಪ ಅಲ್ಲಿಗೇ ನಿಂತಿತು.

ಅವರು ಸಂಘವನ್ನು ಬಿಟ್ಟರೇ ಹೊರತು ವೃತ್ತಿಯನ್ನು ಬಿಡಲಿಲ್ಲ. ಲೂ ಆಲ್ಟಾ ಮೆಲ್ಟನ್ ಕೇಂದ್ರ ಸರ್ಕಾರದ ಸಾರ್ವಜನಿಕ ರಸ್ತೆಗಳ ಇಲಾಖೆಯಲ್ಲಿ ಸೇತುವೆಗಳ ಇಂಜಿನಿಯರ್ ಆಗಿ ಕೆಲಸ ಮಾಡಿದರು. ಹಿಲ್ಡಾ ಕೌಂಟ್ಸ್, ವಿವಾಹಾನಂತರ ಎಜ್‌ಕೂಂಬ್ ಎಂಬ ಮನೆತನದ ಹೆಸರಿನಿಂದ, ಹಳ್ಳಿಗಳಿಗೆ ವಿದ್ಯುತ್ತನ್ನು ಒಯ್ಯುವ ಸರ್ಕಾರಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದರು. ಎಲ್ಸೀ ಈವ್ಸ್ ೧೯೨೬ರಲ್ಲಿ ನ್ಯೂಯಾರ್ಕಿನ ಒಂದು ಪ್ರಸಿದ್ಧ ಇಂಜಿನಿಯರಿಂಗ್ ವಾರಪತ್ರಿಕೆಯನ್ನು ಸೇರಿ, ದೇಶದಾದ್ಯಂತ ನಡೆಯುತ್ತಿದ್ದ ಕಟ್ಟಡ ಕಾಮಗಾರಿಗಳ ವೆಚ್ಚಗಳನ್ನು ಕಲೆಹಾಕಿ, ಕ್ರಮಪಡಿಸಿ ಪ್ರಕಟಿಸುವ ಕಾರ್ಯದಲ್ಲಿ ನಿಷ್ಣಾತರೆನಿಸಿದರು. ಯಾವ ಸೇತುವೆ ಎಲ್ಲಿ ಆಗಲಿದೆ, ಯಾವ ಅಣೆಕಟ್ಟಿಗೆ ಎಷ್ಟು ಖರ್ಚಾಗಲಿದೆ ಎಂಬ ಅವರ ಲೆಕ್ಕವನ್ನು ಗುತ್ತಿಗೆದಾರರು ಮಾತ್ರವಲ್ಲದೆ ಯೋಜನೆಗಳನ್ನು ರೂಪಿಸುವವರೂ ಅವಲಂಬಿಸುತ್ತಿದ್ದರು. ವಿದ್ಯಾರ್ಥಿದೆಸೆಯಲ್ಲಿ ತಮ್ಮಂಥವರನ್ನು ಎಣಿಸಲು ಹೊರಟವರು ಮುಂದೆ ಇಡೀ ದೇಶದ ಕಾಮಗಾರಿಗಳನ್ನು ಎಣಿಸಿದರು.

೧೯೨೭ರಲ್ಲಿ ಎಲ್ಸೀ ಈವ್ಸ್ ಅವರು ಸಿವಿಲ್ ಇಂಜಿನಿಯರರ ಸಂಘದ ಪೂರ್ಣ ಸದಸ್ಯತ್ವ ಪಡೆದ ಪ್ರಥಮ ಮಹಿಳೆಯಾದರು. ನೋರಾ ಬ್ಲಾಚ್ ಅವರ ಕೋರಿಕೆಯನ್ನು ತಳ್ಳಿಹಾಕಿದ್ದ ಸಂಘವೇ ಅದು. ನಡುವೆ ಕಳೆದುದು ಹನ್ನೊಂದೇ ವರ್ಷ. ೧೯೭೯ರಲ್ಲಿ ಅದೇ ಸಂಘ ಅವರಿಗೆ ಗೌರವ ಸದಸ್ಯತ್ವವನ್ನೂ ನೀಡಿತು. ಅವರು ೧೯೮೩ರಲ್ಲಿ ನಿಧನ ಹೊಂದಿದರು.

ಸಂಕಲ್ಪ ಕೈಗೂಡಿದುದು

ಎರಡನೆಯ ಮಹಾಯುದ್ಧ ಬಂದಾಗ ಹಳೆಯ ಕಥೆಯೇ ಮರುಕಳಿಸಿತು. ಇಂಜಿನಿಯರರ ಕೊರತೆಯಿಂದ ಕಂಗಾಲಾದ ಕರ್ಟಿಸ್-ರೈಟ್ ಎಂಬ ವಿಮಾನ ಕಾರ್ಖಾನೆ ೧೯೪೩ರಲ್ಲಿ ಏಳು ವಿದ್ಯಾಲಯಗಳಲ್ಲಿ ತರುಣಿಯರಿಗಾಗಿ ಹತ್ತು ತಿಂಗಳ ತರಬೇತಿ ಏರ್ಪಡಿಸಿತು. ಅದುವರೆಗೆ ಹೆಣ್ಣುಮಕ್ಕಳಿಗೆ ಸಲ್ಲದೆಂದಿದ್ದ ಕಾರ್ಯಾಗಾರದ ವಿದ್ಯೆ ಯುದ್ಧದ ತುರ್ತಿನಲ್ಲಿ ಒಮ್ಮೆಲೇ ಸಲ್ಲತೊಡಗಿತು. ಯುದ್ಧ ಮುಗಿದೊಡನೆ ಮತ್ತೆ ಹಿಂಜರಿಕೆ. ಆದರೆ ಈ ಸಲ ವಿದ್ಯಾಲಯಗಳಲ್ಲಿ ತರುಣಿಯರ ಸಂಖ್ಯೆ ಸ್ವಲ್ಪ ಹೆಚ್ಚಿತ್ತು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿನಿಯರು ತಮ್ಮದೇ ಸಂಘ ಮಾಡಿಕೊಂಡು ನೆರೆಯ ವಿದ್ಯಾಲಯಗಳೊಡನೆ ಸಂಪರ್ಕ ಬೆಳೆಸಿದರು. ನ್ಯೂಯಾರ್ಕ್, ಬಾಸ್ಟನ್, ವಾಷಿಂಗ್ಟನ್‌ಗಳಲ್ಲಿಯೂ ಸಣ್ಣ ಸಣ್ಣ ಬಳಗಗಳು ಸೇರತೊಡಗಿದವು. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ ಈ ನಾಲ್ಕು ಕಡೆಯ ಬಳಗಗಳು ೧೯೫೦ರ ಮೇ ತಿಂಗಳ ೨೭ರಂದು ನ್ಯೂಜೆರ್ಸಿಯ ಒಂದು ವಿದ್ಯಾರ್ಥಿ ಶಿಬಿರದಲ್ಲಿ ಕೂಡಿಕೊಂಡವು. ಕೂಪರ್ ಯೂನಿಯನ್ ಎಂಬ ವಿದ್ಯಾಲಯಕ್ಕೆ ಸೇರಿದ ಆ ಶಿಬಿರದಲ್ಲಿ ನೆರೆದವರು ಸುಮಾರು ಐವತ್ತು ಮಂದಿ. ಅಲ್ಲಿ ‘ಮಹಿಳಾ ಇಂಜಿನಿಯರರ ಸಂಘ’ ಸ್ಥಾಪನೆಯಾಯಿತು. ೧೯೧೯ರ ಸಂಕಲ್ಪ ಕೈಗೂಡಲು ಮೂವತ್ತೊಂದು ವರ್ಷಗಳು ಹಿಡಿದವು.

ಪ್ರಥಮ ಅಧ್ಯಕ್ಷೆ ಬಿಯಾಟ್ರಿಸ್ ಹಿಕ್ಸ್. ಅವರು ಹುಟ್ಟಿದುದು ೧೯೧೯ರಲ್ಲಿ. ಕೊಲರಾಡೊದಿಂದ ಪತ್ರಗಳು ಹೊರಟ ವರ್ಷವೇ ಅದು. ಅವರು ರಾಸಾಯನಿಕ ಇಂಜಿನಿಯರಿಂಗ್ ಓದಿ, ಯುದ್ಧಕಾಲದಲ್ಲಿ ದೂರವಾಣಿ ಉಪಕರಣಗಳ ಕಾರ್ಖಾನೆಯಲ್ಲಿ ದುಡಿದು, ತರುವಾಯ ತಂದೆ ಕಟ್ಟಿದ್ದ ಕಾರ್ಖಾನೆಯ ಹೊಣೆ ಹೊತ್ತರು. ಆಗ ಅಮೆರಿಕದ ಇಂಜಿನಿಯರರಲ್ಲಿ ಸ್ತ್ರೀಯರು ನೂರಕ್ಕೆ ಒಬ್ಬರೂ ಇರಲಿಲ್ಲ. ಇಂದು ಆ ಸಂಘದ ಸದಸ್ಯತ್ವ ೪೦,೦೦೦ವನ್ನು ಮೀರಿದೆ. ಮೊದಲಿನ ಆ ಪತ್ರವ್ಯವಹಾರವೂ ಹಾಳಾಗಲಿಲ್ಲ. ಮೂವತ್ತು ವರ್ಷಗಳ ಮೇಲೆ ಹುಟ್ಟಿದ ಈ ಸಂಘದ ದಾಖಲೆಗಳೊಡನೆ ಅದು ಡೆಟ್ರಾಯಿಟ್ ನಗರದ ವೇನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಗ್ರಹವನ್ನು ಸೇರಿತು. ಸೋತ ಪ್ರಯತ್ನದ ಕಾಗದಗಳನ್ನು ಗೆದ್ದವರು ತಮ್ಮ ಆಸ್ತಿಯೆಂದು ಕಾಪಾಡಿಕೊಂಡರು.

ಬೇರೆ ಸಂಘ ಬೇಕೆ?

ಇಲ್ಲಿ ಒಂದು ಆಕ್ಷೇಪಣೆಯನ್ನು ಪರಿಶೀಲಿಸುವುದು ಉಚಿತ. ಇಂಜಿನಿಯರನು ಇಂಜಿನಿಯರನೇ, ಅದರಲ್ಲಿ ಗಂಡು-ಹೆಣ್ಣೆಂಬ ಭೇದವೇಕೆ? ಪ್ರತ್ಯೇಕ ಸಂಘ ಕಟ್ಟಿಕೊಂಡರೆ ಪ್ರತ್ಯೇಕತೆಯನ್ನು ನಾವೇ ಒಪ್ಪಿಕೊಂಡಂತಾಗುವುದಿಲ್ಲವೆ? ಈ ಪ್ರಶ್ನೆಯನ್ನು ಹೊರಗಿನವರು ಮಾತ್ರ ಕೇಳಿದರೆಂದು ತಿಳಿಯಬಾರದು. ಅನೇಕ ಮಹಿಳಾ ಇಂಜಿನಿಯರರೇ ಇದೇ ಕಾರಣದಿಂದ ಸಂಘದಿಂದ ದೂರ ಉಳಿದರು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಬೇರೆ ಪಂಕ್ತಿ ಹಾಕಿಸಿಕೊಂಡವರನ್ನು ಮುಖ್ಯ ಪಂಕ್ತಿಗೆ ಕರೆಯುವುದನ್ನೇ ಜನ ಮರೆಯುವುದುಂಟು.

ಆದರೆ ಆ ಕಾಲದ ವಸ್ತುಸ್ಥಿತಿಯೇನು? ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಅತ್ಯಂತ ಪ್ರತಿಭಾವಂತರನ್ನು ಸದಸ್ಯರನ್ನಾಗಿ ಆರಿಸುವ ಟೌ ಬೀಟಾ ಪೈ ಎಂಬ ಗೌರವ ಸಂಘ ಅಮೆರಿಕದಲ್ಲಿದೆ. ಅದು ಬಹುಕಾಲ ಪ್ರತಿಭಾವಂತೆಯರಾದ ವಿದ್ಯಾರ್ಥಿನಿಯರಿಗೆ ಒಂದು ಪದಕವನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು, ಸದಸ್ಯತ್ವವನ್ನು ಕೊಡುತ್ತಿರಲಿಲ್ಲ. ಅವರಿಗೆ ಸದಸ್ಯತ್ವದ ಹಕ್ಕು ದೊರೆತುದು ೧೯೬೯ರಲ್ಲಿ. ಮುಖ್ಯ ಪಂಕ್ತಿಯಲ್ಲಿ ಎಲೆಯನ್ನೇ ಹಾಕದಿದ್ದಾಗ ಬೇರೆ ಪಂಕ್ತಿ ಮಾಡಿಕೊಂಡವರನ್ನು ದೂಷಿಸುವುದು ನ್ಯಾಯವಲ್ಲ. ಅಲ್ಲದೆ ಎಲ್ಸೀ ಈವ್ಸ್ ಅವರ ನಿದರ್ಶನ ನಮ್ಮ ಮುಂದಿದೆ. ಸ್ತ್ರೀಯರ ಸಂಘಕ್ಕಾಗಿ ಶ್ರಮಿಸಿದ ಅವರೇ ಸರ್ವಸಾಮಾನ್ಯವಾದ ವೃತ್ತಿ ಸಂಘದ ಹೊಸಿಲನ್ನು ಮೊದಲು ದಾಟಿದವರು. ಒಂದು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ.

ಗಿಂಡಿಯ ವಿದ್ಯಾರ್ಥಿನಿಲಯ

ಬಿಯಾಟ್ರಿಸ್ ಹಿಕ್ಸ್ ಹುಟ್ಟಿದ ೧೯೧೯ರಲ್ಲಿಯೇ, ಆಗಸ್ಟ್ ೨೭ರಂದು, ನಮ್ಮ ದೇಶದಲ್ಲಿ ಹುಟ್ಟಿದ ಇನ್ನೊಬ್ಬರು ಅಯ್ಯಲಸೋಮಯಾಜುಲ ಲಲಿತಾ. ಹದಿನೈದನೆಯ ವಯಸ್ಸಿನಲ್ಲಿ ಮದುವೆಯಾಗಿ, ಹದಿನೆಂಟಕ್ಕೇ ನಾಲ್ಕು ತಿಂಗಳ ಹೆಣ್ಣುಕೂಸಿನೊಡನೆ ವೈಧವ್ಯಕ್ಕೆ ಗುರಿಯಾದವರು. ತಂದೆ ಪಪ್ಪು ಸುಬ್ಬರಾವ್ ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕರು. ಮಗಳು ಮೂಲೆ ಸೇರಬಾರದೆಂದು ಅವರು ನಿಶ್ಚಯಿಸಿದರು. ವೈದ್ಯಶಿಕ್ಷಣಕ್ಕೆ ಹೋದರೆ ಹೊತ್ತುಗೊತ್ತಿಲ್ಲದೆ ಮಗುವನ್ನು ಅಗಲಿರಬೇಕಾದೀತೆಂದು ಲಲಿತಾ ಇಂಜಿನಿಯರಿಂಗನ್ನು ಆರಿಸಿಕೊಂಡರು. ಪ್ರಾಂಶುಪಾಲರಾದ ಕೆ. ಸಿ. ಚಾಕೋ ಅವರ ಬೆಂಬಲದಿಂದ ಗಂಡುಮಕ್ಕಳ ಆ ಕಾಲೇಜಿಗೆ ಪ್ರವೇಶ ದೊರೆಯಿತು.

ಪ್ರವೇಶದೊಡನೆ ಕಷ್ಟ ತೀರಲಿಲ್ಲ. ವಿದ್ಯಾರ್ಥಿನಿಲಯದಲ್ಲಿ ಅವರಿಗೊಂದು ಪ್ರತ್ಯೇಕ ವಸತಿಯ ಏರ್ಪಾಟಾಯಿತು. ಅಲ್ಲಿ ಅವರು ಒಬ್ಬರೇ. ವಿದ್ಯಾರ್ಥಿನಿಲಯಗಳಲ್ಲಿ ಬೆಳೆದ ವಾಚಕರಿಗೆ ಊರು ಬಿಟ್ಟುಬಂದ ಮೊದಲ ದಿನಗಳ ಸಂಜೆ ಹೇಗಿರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ನಮಗೆ ಪಕ್ಕದ ಚಾಪೆಯಲ್ಲಿ ಇನ್ನೊಬ್ಬನಿದ್ದನು. ಊಟದ ಗಂಟೆ ಬಾರಿಸಿದಾಗ ಕೂಡಿ ಕುಳಿತುಕೊಳ್ಳುವ ಸಾಲಿತ್ತು. ಲಲಿತಾ ಅವರಿಗೆ ಅದೂ ಇರಲಿಲ್ಲ. ಮಗಳ ಒಂಟಿತನವನ್ನು ಕಂಡ ಸುಬ್ಬರಾಯರು ಇಂಜಿನಿಯರಿಂಗ್ ಓದಲಿಚ್ಛಿಸುವ ಹೆಣ್ಣುಮಕ್ಕಳು ಬರಬಹುದೆಂದು ಪ್ರಕಟಣೆ ಕೊಟ್ಟರು. ಅದಕ್ಕೆ ಓಗೊಟ್ಟು ಕೇರಳದ ಇಬ್ಬರು ತರುಣಿಯರು ಬಂದರು: ಪಿ. ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್. ಇಬ್ಬರೂ ಸಿವಿಲ್ ಇಂಜಿನಿಯರಿಂಗ್ ಸೇರಿದರು. ಯುದ್ಧಕಾಲದಲ್ಲಿ ವ್ಯಾಸಂಗದ ಅವಧಿಯನ್ನು ಕಡಿಮೆ ಮಾಡಿದುದರಿಂದ ಮೂವರೂ ಒಟ್ಟಿಗೇ ಕಾಲೇಜನ್ನು ಮುಗಿಸಿದರು. ತ್ರೇಸ್ಯಾ ಮುಂದೆ ಕೇರಳದ ಲೋಕೋಪಯೋಗಿ ಇಲಾಖೆಯಲ್ಲಿ ಮುಖ್ಯ ಇಂಜಿನಿಯರ್ ಪದವಿಗೇರಿದರು.

ಕೊಲರಾಡೊದಲ್ಲಿ ನಡೆದುದು ಪತ್ರ, ಗಿಂಡಿಯಲ್ಲಿ ನಡೆದುದು ಪ್ರಕಟಣೆ. ಇವರಿಗೆ ಅವರ ಸುದ್ದಿ ತಿಳಿದಿರಲು ಕಾರಣವಿಲ್ಲ. ಆದರೂ ಎರಡೂ ಕಡೆ ಕೇಳಿದ ಪ್ರಶ್ನೆ ಒಂದೇ ಆಗಿತ್ತು. ಇನ್ನಾರಾದರೂ ಇದ್ದಾರೆಯೆ?

ಲಲಿತಾ ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸಂಸ್ಥೆಯಲ್ಲಿ ದೀರ್ಘಕಾಲ ಇಂಜಿನಿಯರ್ ಆಗಿದ್ದರು. ಭಾಕ್ರಾ-ನಂಗಲ್ ಯೋಜನೆಯ ವಿದ್ಯುತ್ ಯಂತ್ರಗಳ ಕೆಲಸದಲ್ಲಿಯೂ ಭಾಗವಹಿಸಿದರು. ೧೯೬೪ರ ಜೂನಿನಲ್ಲಿ ಅಮೆರಿಕದ ಮಹಿಳಾ ಇಂಜಿನಿಯರರ ಸಂಘವು ನ್ಯೂಯಾರ್ಕಿನಲ್ಲಿ ಮಹಿಳಾ ಇಂಜಿನಿಯರರ ಮತ್ತು ವಿಜ್ಞಾನಿಗಳ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನವನ್ನು ನಡೆಸಿದಾಗ ಭಾರತದಿಂದ ಲಲಿತಾ ಹೋದರು. ಆಗ ನಮ್ಮ ದೇಶದಲ್ಲಿ ಅಂಥ ಸಂಘವಿರಲಿಲ್ಲವಾದುದರಿಂದ ಅವರು ಯಾರ ಪ್ರತಿನಿಧಿಯೂ ಆಗಿರದೆ ತಮ್ಮ ವೈಯಕ್ತಿಕ ನೆಲೆಯಲ್ಲಿಯೇ ಭಾಗವಹಿಸಿದರು. ಮರಳಿ ಬಂದ ಮೇಲೆ ಲಂಡನ್ನಿನ ಮಹಿಳಾ ಇಂಜಿನಿಯರಿಂಗ್ ಸಂಘದ ಸದಸ್ಯೆಯಾಗಿ, ೧೯೬೭ರಲ್ಲಿ ಕೇಂಬ್ರಿಡ್ಜಿನಲ್ಲಿ ನಡೆದ ಎರಡನೆಯ ಸಮ್ಮೇಳನಕ್ಕೆ ಭಾರತದ ಐವರು ಮಹಿಳಾ ಇಂಜಿನಿಯರರು ಹೋಗಲು ನೆರವಾದರು. ವಿದ್ಯಾರ್ಥಿನಿಲಯದಲ್ಲಿ ಒಂಟಿಯಾಗಿ ಕುಳಿತಿದ್ದವರು ಇತರರ ಒಂಟಿತನವನ್ನು ನೀಗಿಸಲು ನಿಂತರು. ೧೯೭೯ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಂಜನಗೂಡಿನಿಂದ ಮಿಚಿಗನ್ನಿಗೆ

ನಮ್ಮ ನಾಡಿನ ಮೊದಲ ಮಹಿಳಾ ಇಂಜಿನಿಯರ್ ಎಂದು ಪ್ರಸಿದ್ಧರಾದ ರಾಜೇಶ್ವರಿ ಚಟರ್ಜಿ ಅವರ ವ್ಯಾಸಂಗವೂ ಈ ಚರಿತ್ರೆಯನ್ನು ಒಂದು ಕಡೆ ಸ್ಪರ್ಶಿಸುತ್ತದೆ. ಅವರು ೧೯೨೨ರ ಜನವರಿ ೨೪ರಂದು ನಂಜನಗೂಡಿನಲ್ಲಿ ಜನಿಸಿದರು. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ರಾಜೇಶ್ವರಿಯವರು ೧೯೪೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು ೧೯೪೭ರಲ್ಲಿ ಹಡಗನ್ನೇರಿ ಅಮೆರಿಕಕ್ಕೆ ಹೋದರು. ಅವರು ಸೇರಿದುದು ಮಿಚಿಗನ್ ವಿಶ್ವವಿದ್ಯಾಲಯವನ್ನು. ಮೂವತ್ತಮೂರು ವರ್ಷಗಳ ಹಿಂದೆ ಟೀ-ಸ್ಕ್ವೇರಿನ ಹೆಸರಿನಲ್ಲಿ ತರುಣಿಯರು ಸಂಘ ಕಟ್ಟಿದ್ದುದು ಅಲ್ಲಿಯೇ. ಪೂರ್ವದೇಶಗಳ ವಿದ್ಯಾರ್ಥಿನಿಯರಿಗಾಗಿ ಅಲ್ಲಿ ಸ್ಥಾಪಿತವಾಗಿದ್ದ ಬಾರ್ಬರ್ ವಿದ್ಯಾರ್ಥಿವೇತನ ಅವರ ಸಂಶೋ­ಧನೆಗೆ ಆಸರೆಯಾಯಿತು. ೧೯೫೩ರಲ್ಲಿ ಡಾಕ್ಟರೇಟ್ ಪಡೆದು ತಾಯ್ನಾಡಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿಯೇ ಅಧ್ಯಾಪಕಿಯಾದರು.

ಅಲ್ಲಿ ಅವರು ಪತಿ ಶಿಶಿರಕುಮಾರ ಚಟರ್ಜಿಯವರೊಡನೆ ಮೈಕ್ರೋವೇವ್ ಇಂಜಿನಿಯರಿಂಗ್ ಸಂಶೋಧನೆಗೆ ನಮ್ಮ ದೇಶದಲ್ಲಿ ಬುನಾದಿ ಹಾಕಿದವರಲ್ಲಿ ಒಬ್ಬರಾದರು. ಇಪ್ಪತ್ತು ಮಂದಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. ನಿವೃತ್ತಿಯ ನಂತರ ಅವರು ಮಹಿಳಾ ಅಧ್ಯಯನಗಳ ಭಾರತೀಯ ಸಂಘದ ಕಾರ್ಯದಲ್ಲಿ ತೊಡಗಿಕೊಂಡುದು ಗಮನಿಸತಕ್ಕದ್ದು. ೨೦೧೦ರಲ್ಲಿ ಅವರು ನಿಧನರಾದರು.

ಇಂದಿನ ಹೊಣೆ

ಇಂದು ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇಂಜಿನಿಯರಿಂಗ್ ಓದುವ ಸ್ನಾತಕೋತ್ತರ ಹಾಗೂ ಸಂಶೋಧನ ವಿದ್ಯಾರ್ಥಿನಿಯರಿಗೆ ಪ್ರತ್ಯೇಕ ಸಂಘಗಳಿವೆ. ಪದವಿ ತರಗತಿಯ ವಿದ್ಯಾರ್ಥಿನಿಗೆ ಸಹಪಾಠಿಗಳ ಗುಂಪಾದರೂ ಇರುತ್ತದೆ. ಸಂಶೋಧನ ವಿದ್ಯಾರ್ಥಿನಿಯ ಪಾಡು ಬೇರೆ. ಐದಾರು ವರ್ಷ ಒಬ್ಬರೇ ಮಾರ್ಗದರ್ಶಕರು, ಒಂದೇ ಪ್ರಯೋಗಶಾಲೆ, ಒಂದೇ ಸಮಸ್ಯೆ. ಪ್ರಯೋಗ ಕೈಕೊಟ್ಟಾಗ ತಪ್ಪು ಪ್ರಯೋಗದ್ದೋ ತನ್ನದೋ ಎಂಬ ಸಂದೇಹ ಕಾಡುತ್ತದೆ. ಆಗ ಎರಡು ವರ್ಷ ಮುಂದಿರುವ ಇನ್ನೊಬ್ಬಳು ‘ನನಗೂ ಹೀಗೆಯೇ ಆಗಿತ್ತು’ ಎಂದು ಹೇಳಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೊಸಬರನ್ನು ಬರಮಾಡಿಕೊಳ್ಳುವುದು, ಹಿರಿಯರನ್ನು ಕಿರಿಯರಿಗೆ ಜೊತೆಮಾಡುವುದು, ಅರ್ಹತಾ ಪರೀಕ್ಷೆಗೆ ಕೂಡಿ ಓದುವುದು, ಉದ್ಯೋಗದಲ್ಲಿರುವವರನ್ನು ಕರೆಸಿ ಮಾತನಾಡಿಸುವುದು ಈ ಸಂಘಗಳ ನಿತ್ಯದ ಕೆಲಸ. ಇವನ್ನು ನಡೆಸುವ ನಾಯಕಿಯರಿಗೆ ಸಂಬಳವಿಲ್ಲ. ಪ್ರಬಂಧ ಬರೆಯಬೇಕಾದ ಸಂಜೆಗಳನ್ನು ಅವರು ಇದಕ್ಕೆ ತೆರುತ್ತಾರೆ.

ಅವರೂ ಒಂದೆರಡು ವರ್ಷಗಳಲ್ಲಿ ಹೊರಟುಹೋಗುವವರೇ. ಟೀ-ಸ್ಕ್ವೇರ್ ಸಂಘದ ಕಾಲದ ತೊಡಕು ಇಂದಿಗೂ ಪರಿಹಾರವಾಗಿಲ್ಲ. ಅದಕ್ಕಿರುವ ಮದ್ದು ಒಂದೇ: ಹೊರಡುವವರು ತಾವು ಮಾಡಿದುದನ್ನೂ ಮಾಡಲಾಗದೆ ಬಿಟ್ಟುದನ್ನೂ ಬರೆದಿಟ್ಟು ಮುಂದಿನವರ ಕೈಗೊಪ್ಪಿಸುವುದು. ಹಳೆಯ ವಿದ್ಯಾರ್ಥಿಗಳ ಸಂಘಗಳನ್ನು ನಡೆಸುತ್ತಿರುವ ನಮ್ಮ ವಾಚಕರಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮಲ್ಲಿ ವಾರ್ಷಿಕೋತ್ಸವದ ಭಾವಚಿತ್ರ ಉಳಿಯುತ್ತದೆ; ಸದಸ್ಯರ ವಿಳಾಸದ ಪುಸ್ತಕ ಎರಡು ಚುನಾವಣೆಗಳೊಳಗೆ ಕಳೆದುಹೋಗುತ್ತದೆ.

ಕೊಲರಾಡೊದ ಮೂವರು ತಮ್ಮ ಪತ್ರಗಳಿಗೆ ಬಂದ ಉತ್ತರಗಳನ್ನು ಎಸೆಯಲಿಲ್ಲ. ‘ನಮ್ಮಲ್ಲಿ ಯಾರೂ ಇಲ್ಲ’ ಎಂಬ ಉತ್ತರವನ್ನೂ ಎಸೆಯಲಿಲ್ಲ. ಹೀಗಾಗಿ ೧೯೧೯ರಲ್ಲಿ ಎಲ್ಲೆಲ್ಲಿ ಇದ್ದರು, ಎಲ್ಲೆಲ್ಲಿ ಇರಲಿಲ್ಲ ಎಂಬುದು ಇಂದು ನಮಗೆ ತಿಳಿಯುವಂತಾಗಿದೆ. ಇರಲಿಲ್ಲವೆಂದು ಬರೆದ ವಿದ್ಯಾಲಯಗಳು ಹೆಣ್ಣುಮಕ್ಕಳು ಬರುವರೆಂಬ ನಿರೀಕ್ಷೆಯೇ ತಮಗಿಲ್ಲವೆಂದಿದ್ದವು. ಅಂಥ ವಿದ್ಯಾಲಯಗಳ ತರಗತಿಗಳಲ್ಲಿ ಇಂದು ಹೆಣ್ಣುಮಕ್ಕಳು ಓದುತ್ತಿದ್ದಾರೆ, ಕೆಲವರು ಪಾಠವನ್ನೂ ಹೇಳುತ್ತಿದ್ದಾರೆ. ಆ ಮೂವರ ಪತ್ರಗಳಿಗೆ ಸರಿಯಾದ ಉತ್ತರ ಬಂದುದು ಈಗ.